ಕಡವೆ ಕಿತ್ತ ಹೆಂಚು

ಕಾಡಿನ ಸರ್ಕಾರಿ ಶಾಲೆಗೆ ಮನೆಗೊಂದರಂತೆ ಹೆಂಚು ಹೊದಿಸಿದ್ದರು. ಗುಡ್ಡದ ಮೇಲೆ ನವಿಲು ತನ್ನದೇ ಶಾಲೆ ತೆರೆದದ್ದೇ ತಡ, "ಮಕ್ಕಳು ಹೋದಲ್ಲಿಗೆ ಹೆಂಚೂ ಹೋಗಲಿ" ಎಂದು ಪಂಚಾಯಿತಿ ಠರಾವು ಮಾಡಿತು. ಆಮೆ ಮೇಷ್ಟ್ರು ಎಷ್ಟು ಬೇಡಿಕೊಂಡರೂ ಕೇಳದೆ, ಮೊದಲು ಕೊಂಬು ಹಾಕಿ ಹೆಂಚು ಎಬ್ಬಿಸಿದವನು ಕಡವೆ. "ಆಯ್ಕೆ ನಮ್ಮ ಹಕ್ಕು, ಮೇಷ್ಟ್ರೇ!" ಅಂದ. ಅವನನ್ನು ನೋಡಿ ಉಳಿದವರೂ ಕಿತ್ತರು.

ಮಳೆಗಾಲ ಬಂತು. ನೆನೆಯುತ್ತ ಕೂತ ಮುಳ್ಳುಹಂದಿ ಮರಿಗೆ ಮೇಷ್ಟ್ರು ಮಗ್ಗಿ ಹೇಳಿಕೊಡುತ್ತಿದ್ದಾಗ ಕಡವೆ ಮತ್ತೆ ಬಂದು ನಿಂತ. ಜೊತೆಗೆ ಕುಂಟುವ ಕಿರಿಮಗ.

"ಇವನನ್ನು ನವಿಲು ಸೇರಿಸಿಕೊಳ್ಳಲಿಲ್ಲ, ಮೇಷ್ಟ್ರೇ. ಕವಾಯತಿನಲ್ಲಿ ಸಾಲು ಕೆಡುತ್ತಂತೆ."

"ಓಹೋ! ಆಯ್ಕೆ ನಿನ್ನದಲ್ಲವೇನಪ್ಪ? ಹೋಗಲಿ, ಹೆಂಚು ತಂದೆಯಾ?"

"ವಾಪಸ್ ಕೊಡಲ್ಲ ಅಂತು." ಕಡವೆ ತಲೆಯೆತ್ತಿ ಸೂರು ನೋಡಿ ಮುಖ ಸಿಂಡರಿಸಿದ. "ಆದರೂ ಇಷ್ಟು ಸೋರುವ ಶಾಲೆಯಲ್ಲಿ ನನ್ನ ಮಗನನ್ನು ಹೇಗೆ ಕೂರಿಸಲಿ?"

ಆಮೆಯ ಕುತ್ತಿಗೆ ಚಿಪ್ಪಿನಿಂದ ಪೂರ್ತಿ ಹೊರಗೆ ಬಂತು.

"ಅದು ನಿನ್ನ ಕೊಂಬು ಮಾಡಿದ ತೂತು! ಇಷ್ಟು ದಿನ ಅದರ ಕೆಳಗೆ ನೆನೆದದ್ದು ಮುಳ್ಳುಹಂದಿಯ ಮಗ. ಅದಕ್ಕೇ ನಿನಗೆ ಅದು ಕಾಣಲಿಲ್ಲ."