ನಲವತ್ತೊಂದನೆಯ ಸಾಕ್ಷಿ

ಕೆಂಗಲ್ಲುಕೋಟೆಯ ಎಣ್ಣೆ ವ್ಯಾಪಾರಿ ಚೌರಪ್ಪನಿಗೆ ಎಲ್ಲವೂ ಇತ್ತು, ಒಳ್ಳೆಯ ಹೆಸರೊಂದನ್ನು ಬಿಟ್ಟು. ಅದನ್ನೂ ಸಗಟಿನಲ್ಲಿ ಕೊಂಡುಬಿಡಬಹುದೆಂದು ಅವನ ಎಣಿಕೆ. ಇಗರ್ಜಿಗೆ ಒಂದು ಗಂಟೆ ಮಾಡಿಸಿಕೊಟ್ಟು, ಅದರ ಮೈತುಂಬ ತನ್ನ ಹೆಸರನ್ನೇ ಕೆತ್ತಿಸಿದ್ದ. ದೇವರಿಗೆ ಮರೆವು ಜಾಸ್ತಿ ಎಂದುಕೊಂಡಿದ್ದನೋ ಏನೋ.

ಒಂದು ದಿನ ಅವನು ನಲವತ್ತು ಜನರನ್ನು ಬೆನ್ನಿಗೆ ಕಟ್ಟಿಕೊಂಡು ಬೊಮ್ಮಣ್ಣ ನಾಯಕನ ಸಭೆಗೆ ಬಂದ.

“ಬೆಳ್ಳಿಬಂಗಾರಕ್ಕಿಂತ ಒಳ್ಳೆಯ ಹೆಸರು ದೊಡ್ಡದು ಅಂತ ನಮ್ಮ ಸತ್ಯವೇದದಲ್ಲಿದೆ, ಪ್ರಭು. ಅಂಥ ಹೆಸರು ಈ ಊರಲ್ಲಿ ನನಗಿದ್ದಷ್ಟು ಇನ್ಯಾರಿಗೂ ಇಲ್ಲ. ಸಂತೆಯ ಮುದ್ರೆಸೇರು ನನ್ನ ಅಂಗಡಿಯಲ್ಲಿರುವುದೇ ನ್ಯಾಯ.”

ಮುದ್ರೆಸೇರು ಎಂದರೆ ಅರಮನೆಯ ಮುದ್ರೆ ಒತ್ತಿದ ಹಿತ್ತಾಳೆಯ ಸೇರು. ಸಂತೆಯಲ್ಲಿ ಕೊಂಡದ್ದು ಕಡಿಮೆಯಾಯಿತೆಂದು ಅನುಮಾನ ಬಂದವರು ಅದರಲ್ಲಿ ಮತ್ತೆ ಅಳೆಸಿಕೊಳ್ಳಬಹುದು. ಅದರ ಮಾತೇ ಕೊನೆ. ಮೂವತ್ತು ವರ್ಷದಿಂದ ಅದು ಇದ್ದದ್ದು ಅರುಳಮ್ಮನೆಂಬ ವಿಧವೆಯ ಪುಟ್ಟ ಎಣ್ಣೆ ಅಂಗಡಿಯಲ್ಲಿ.

ನಲವತ್ತು ಸಾಕ್ಷಿಗಳೂ ಒಬ್ಬರನ್ನೊಬ್ಬರು ಮೀರಿಸುವಂತೆ ಚೌರಪ್ಪನನ್ನು ಹೊಗಳಿದರು. ಹಿಂದಿನ ದಿನ ಅವನ ಮನೆಯಲ್ಲಿ ಉಂಡ ಹೋಳಿಗೆಯ ತುಪ್ಪ ಇನ್ನೂ ಅವರ ತುಟಿ ಬಿಟ್ಟಿರಲಿಲ್ಲ. ನಾಯಕ ತಲೆದೂಗತೊಡಗಿದ.

ಅದನ್ನು ಕಂಡು ಉಗ್ರಾಣದ ಇನ್ನಾಸಪ್ಪನಿಗೆ ಕಸಿವಿಸಿಯಾಯಿತು. ಅವನೂ ಚೌರಪ್ಪನ ಇಗರ್ಜಿಯವನೇ, ಅರಮನೆಗೆ ಎಣ್ಣೆ ಕೊಳ್ಳುವವನೂ ಅವನೇ. ಚೌರಪ್ಪ, ಅರುಳಮ್ಮ ಇಬ್ಬರ ಅಳತೆಯ ಕೈಯೂ ಅವನಿಗೆ ಗೊತ್ತು. ಚೌರಪ್ಪ ಮೊಳದೆತ್ತರದಿಂದ ಎಣ್ಣೆ ಸುರಿಯುತ್ತಾನೆ. ನೊರೆ ಕಂಠಕ್ಕೆ ಬಂದ ಕೂಡಲೇ ತುಂಬಿತು ಅನ್ನುತ್ತಾನೆ. ಅರುಳಮ್ಮ ನೊರೆ ಇಳಿಯುವ ತನಕ ಕಾದು, ಇಳಿದಷ್ಟನ್ನು ಮತ್ತೆ ತುಂಬುತ್ತಾಳೆ. ಸೇರು ಈ ನೊರೆಗಾರನ ಕೈಸೇರಿದರೆ ಊರಿನ ಬಡವರು ಇನ್ನು ಯಾರ ಹತ್ತಿರ ಅಳೆಸಿಕೊಳ್ಳಬೇಕು?

ಆದರೆ ನಲವತ್ತು ಬಾಯಿಯ ಎದುರು ಒಂದು ಬಾಯಿ ತೆರೆದರೆ ಅದಕ್ಕೆ ಹೊಟ್ಟೆಕಿಚ್ಚು ಎಂದು ಹೆಸರು. ಹಾಗಾಗಿ ಇನ್ನಾಸಪ್ಪ ಚೌರಪ್ಪನನ್ನು ಇನ್ನೂ ಎರಡು ಮಾತು ಹೆಚ್ಚಾಗಿಯೇ ಹೊಗಳಿದ. ಬರುವ ಸಂತೆಯ ದಿನ ಮುದ್ರೆಸೇರು ಚೌರಪ್ಪನವರ ಅಂಗಡಿಯಲ್ಲೇ ಇರಲಿ, ಸಾಕ್ಷಿ ಹೇಳಿದ ನಲವತ್ತು ಜನ ಅಲ್ಲಿಯೇ ಅಳೆಸಿ ತಲೆಗೊಂದು ಸೇರು ಎಳ್ಳೆಣ್ಣೆ ಒಯ್ಯಲಿ, ಅದು ಅರಮನೆಯ ಉಡುಗೊರೆ ಎಂದ. ಹೋದ ಎಣ್ಣೆಯನ್ನು ಅರಮನೆಯ ಗಾಣದಿಂದ ತುಂಬಿಕೊಡೋಣ ಎಂದೂ ಸೇರಿಸಿದ. ಚೌರಪ್ಪ ಉಬ್ಬಿ ಪೂರಿಯಾದ.

ಸಂತೆಯ ದಿನ ಇನ್ನಾಸಪ್ಪ ನಾಯಕನಿಗೊಂದು ಹರಕು ಕಂಬಳಿ ಹೊದಿಸಿ, ಅರುಳಮ್ಮನ ಪಕ್ಕದ ಉಪ್ಪಿನಂಗಡಿಯಲ್ಲಿ ಮೂಟೆಗಳ ನಡುವೆ ಕೂರಿಸಿದ.

ಮೊದಲು ಎಣ್ಣೆ ತುಂಬಿಸಿಕೊಂಡವನು ಬಳೆಗಾರ ಸಿಂಗ್ರಯ್ಯ. ಸಭೆಯಲ್ಲಿ ಚೌರಪ್ಪನನ್ನು ಧರ್ಮರಾಯನಿಗೆ ಹೋಲಿಸಿದ್ದವನು ಅವನೇ. ಚೌರಪ್ಪನಿಗೆ ಭಕ್ತಿಯಿಂದ ಕೈಮುಗಿದು ಬೀದಿಯ ಮೂಲೆ ತಿರುಗಿದ. ತಿರುಗಿದವನು ಮನೆಯ ದಾರಿ ಹಿಡಿಯಲಿಲ್ಲ. ನೇರ ಬಂದು ಅರುಳಮ್ಮನ ಮುಂದೆ ತಂಬಿಗೆ ಇಟ್ಟ.

“ಮುದ್ರೆಸೇರು ಅಲ್ಲಿದೆಯಲ್ಲಪ್ಪ. ನನ್ನ ಹತ್ತಿರ ಇರೋದು ಸೇರು ಹಿಡಿಯೋ ಈ ಬಿದಿರಿನ ಅಂಡೆ. ಇಲ್ಲಿಗ್ಯಾಕೆ ಬಂದೆ?” ಎಂದಳು ಅರುಳಮ್ಮ.

“ಮುದ್ರೆ ಅಲ್ಲಿಗೆ ಹೋಗಿದೆ ತಾಯಿ, ನೀವು ಹೋಗಿಲ್ಲವಲ್ಲ. ಅಳೀರಿ.”

ಅಳೆದಳು. ಎರಡು ಬೆರಳು ಕಡಿಮೆ. ಸಿಂಗ್ರಯ್ಯ ಚೌರಪ್ಪನ ಮೂರು ತಲೆಮಾರನ್ನೂ ಸ್ಮರಿಸಿಕೊಂಡು ಹೋದ. ಅವನ ಹಿಂದೆ ಎರಡನೆಯವನು, ಮೂರನೆಯವನು. ಬಿಸಿಲು ಇಳಿಯುವ ಹೊತ್ತಿಗೆ ತಂಬಿಗೆಗಳ ಸಾಲು ಬೀದಿಯ ತಿರುವು ದಾಟಿತ್ತು. ಒಬ್ಬರ ಮುಖ ಒಬ್ಬರು ನೋಡದಂತೆ ಎಲ್ಲರೂ ಆಕಾಶ ನೋಡುತ್ತ ನಿಂತಿದ್ದರು.

“ಮೊನ್ನೆ ಸಾಕ್ಷಿ ಹೇಳಿದವರು ಇವರೇ ಅಲ್ಲವೇನಯ್ಯ?” ಎಂದು ಕಂಬಳಿಯೊಳಗಿಂದ ನಾಯಕ ಕೇಳಿದ.

“ಇವರೇ, ಪ್ರಭು. ಮೊನ್ನೆ ನಾಲಿಗೆ ಸಾಕ್ಷಿ ಹೇಳಿತು, ಇವತ್ತು ಕಾಲು ಹೇಳುತ್ತಿದೆ.”

ಮರುದಿನ ಸಭೆಯಲ್ಲಿ ಚೌರಪ್ಪ ಕೆಂಡಾಮಂಡಲನಾಗಿದ್ದ. ಇದೆಲ್ಲ ಇನ್ನಾಸಪ್ಪನ ಪಿತೂರಿ, ಜನರಿಗೆ ಆಸೆ ತೋರಿಸಿ ಅತ್ತ ಕಳಿಸಿದ್ದಾನೆ, ತನ್ನಂಥ ಹೆಸರುವಾಸಿಗೆ ಇದು ಅವಮಾನ, ಸೇರು ತನಗೇ ಸಲ್ಲಬೇಕು ಎಂದು ಕೂಗಾಡಿದ.

ಇನ್ನಾಸಪ್ಪ ವಾದಕ್ಕೇ ಇಳಿಯಲಿಲ್ಲ. ಗಾಣದಿಂದ ಒಂದು ಕೊಪ್ಪರಿಗೆ ತುಂಬ ಎಳ್ಳೆಣ್ಣೆ ತರಿಸಿ ಚೌರಪ್ಪನ ಮುಂದೆ ಇಡಿಸಿದ. ಒಂದು ಕೈಯಲ್ಲಿ ಮುದ್ರೆಸೇರು ಹಿಡಿದ. ಇನ್ನೊಂದು ಕೈಯಲ್ಲಿ ಎಣ್ಣೆ ತುಂಬಿದ ಸೌಟನ್ನು ಮೊಳದೆತ್ತರಕ್ಕೆ ಎತ್ತಿದ.

“ಜಗಳ ಆಮೇಲಾಗಲಿ, ಚೌರಪ್ಪನವರೇ. ಮೊದಲು ನಿಮಗೆ ಬರಬೇಕಾದ ನಲವತ್ತು ಸೇರು ಎಣ್ಣೆ ತಗೊಳ್ಳಿ. ನಿಮ್ಮ ಅಂಗಡಿಯಲ್ಲಿ ಅಳೆಯುವ ಹಾಗೇ ನಾನು ಅಳೆದುಕೊಡಲೋ, ಇಲ್ಲಾ ಅರುಳಮ್ಮನನ್ನು ಕರೆಸಲೋ?”

ಚೌರಪ್ಪನ ಕಣ್ಣು ಎಣ್ಣೆಯ ಮೇಲಿತ್ತು, ಬುದ್ಧಿ ಕಣ್ಣಿನ ಹಿಂದೆ ಹೋಗಿತ್ತು.

“ನೀವು ಬೇಡ, ಮಾರಾಯರೇ. ಅರುಳಮ್ಮನೇ ಅಳೆಯಲಿ.”

ಚೌರಪ್ಪ ನಾಲಿಗೆ ಕಚ್ಚಿಕೊಂಡ, ಆದರೆ ಆಡಬೇಕಾದ್ದನ್ನು ಅದು ಆಗಲೇ ಆಡಿ ಮುಗಿಸಿತ್ತು.

“ನಲವತ್ತೊಂದನೆಯ ಸಾಕ್ಷಿಯೂ ಬಂತು, ಪ್ರಭು,” ಎಂದ ಇನ್ನಾಸಪ್ಪ. “ಇದೊಂದಕ್ಕೆ ಯಾರೂ ಹೋಳಿಗೆ ಹಾಕಿಸಿರಲಿಲ್ಲ.”

ನಾಯಕ ಹೊಟ್ಟೆ ಹಿಡಿದುಕೊಂಡು ನಕ್ಕ. ಮುದ್ರೆಸೇರು ಅರುಳಮ್ಮ ಬದುಕಿರುವತನಕ ಅವಳದೇ ಎಂದು ಅಲ್ಲೇ ಅಪ್ಪಣೆಯಾಯಿತು. ನಾಯಕ ತನ್ನ ಹೆಗಲ ಶಾಲನ್ನು ತೆಗೆದು ಇನ್ನಾಸಪ್ಪನಿಗೆ ಹೊದಿಸಿ, “ಸರಿ, ಈ ಎಣ್ಣೆಯನ್ನು ಅವಳಿಂದಲೇ ಅಳೆಸಿ ಕೊಟ್ಟುಬಿಡು,” ಎಂದ.

“ಅದು ಮಾತ್ರ ಆಗದು, ಪ್ರಭು. ಇವರು ಓದಿದ ಅದೇ ಸತ್ಯವೇದದಲ್ಲಿ ಇನ್ನೊಂದು ಮಾತೂ ಇದೆ. ಕೊಡುವಾಗ ಒಂದು ಅಳತೆ, ಕೊಳ್ಳುವಾಗ ಇನ್ನೊಂದು ಅಳತೆ ಇಟ್ಟುಕೊಂಡವನನ್ನು ಕಂಡರೆ ದೇವರಿಗೆ ಹೇಸಿಗೆಯಂತೆ. ಇಗರ್ಜಿಗೆ ಗಂಟೆ ಕೊಟ್ಟವರನ್ನು ಆ ಪಾಪಕ್ಕೆ ತಳ್ಳಬಾರದು.” ಇನ್ನಾಸಪ್ಪ ಸೌಟನ್ನು ಇನ್ನೊಂದು ಗೇಣು ಮೇಲೆತ್ತಿದ. “ಇವರು ಕೊಟ್ಟ ಹಾಗೇ ಕೊಡುತ್ತೇನೆ, ನೊರೆಸಮೇತ.”