ದಾರಿ ತಪ್ಪದ ಬಸ್ಸು

"ಕಾಕಾ, ಮೀಟಿಂಗ್ ರೂಮು ಯಾವ ಕಡೆ?" ಹುಬ್ಬಳ್ಳಿಯ ಸಾಫ್ಟ್‌ವೇರ್ ಕಂಪನಿಯೊಂದರ ಮೂರನೇ ಮಹಡಿಗೆ ಮೊದಲ ಸಲ ಬಂದು ಎರಡು ಸುತ್ತು ಹೊಡೆದಿದ್ದ ಇಂಟರ್ನ್ ತಬಸ್ಸುಮ್ ಕೇಳಿದಳು.

ಸೆಕ್ಯುರಿಟಿ ಫಕೀರಪ್ಪ ಎಡಕ್ಕೆ ಕೈ ತೋರಿಸಿದ. "ದಾರಿ ತಪ್ಪಿಲ್ಲ ತಂಗಿ, ಇನ್ನೂ ಮುಟ್ಟಿಲ್ಲ, ಅಷ್ಟ."

ಒಳಗೆ ಮ್ಯಾನೇಜರ್ ಇನಾಮದಾರರು ಕಾದಿದ್ದರು. ಬಸ್ಸು ಎಲ್ಲಿದೆಯೆಂದು ತೋರಿಸುವ ಆ್ಯಪ್ ಅವರೇ ಬರೆದದ್ದು. ಹಾಗಾಗಿ ಅದರಲ್ಲಿ ದೋಷವಿರುವುದು ಸಾಧ್ಯವೇ ಇರಲಿಲ್ಲ. ಆದರೂ ಗಳಿಗೆಗೊಮ್ಮೆ ಬಸ್ಸು ಮಾಯವಾಗಿ, ಪರದೆಯ ಮೇಲೆ 'ದೋಷ' ಎಂದು ಬರುತ್ತಿತ್ತು.

"ತಾಸಿನಾಗ ಬಸ್ ಮಾಲೀಕರು ಬರ್ತಾರ. ನನ್ನ ಕೋಡ್ ಮುಟ್ಟಬ್ಯಾಡ. ಆದ್ರ 'ದೋಷ' ಅನ್ನೋ ಶಬ್ದ ಕಾಣಬಾರದು. ಕಂಡ್ತಂದ್ರ ನಿನಗ ಸರ್ಟಿಫಿಕೇಟ್ ಇಲ್ಲ."

ಸರ್ಟಿಫಿಕೇಟ್ ಇಲ್ಲದಿದ್ದರೆ ಕಾಲೇಜಿನಲ್ಲಿ ಸೆಮಿಸ್ಟರೇ ಹೋದಂತೆ. ತಬಸ್ಸುಮ್ ಕೋಡ್ ಮುಟ್ಟಲಿಲ್ಲ. ಪರದೆಯ ಮೇಲೆ ಬರುವ ಸಂದೇಶಗಳ ಫೈಲ್ ತೆರೆದು, ಆ ಒಂದು ಶಬ್ದ ಅಳಿಸಿ, ಒಂದು ಸಾಲು ಬರೆದಳು.

ತಾಸಿನ ಬಳಿಕ ಬಂದ ಮಾಲೀಕರ ಕಣ್ಣೆದುರೇ ಬಸ್ಸು ಮಾಯವಾಯಿತು. ಪರದೆಯಲ್ಲಿ ಮೂಡಿತು: "ಬಸ್ಸು ದಾರಿ ತಪ್ಪಿಲ್ಲ, ಇನ್ನೂ ಮುಟ್ಟಿಲ್ಲ, ಅಷ್ಟ."

ಇನಾಮದಾರರು ಪರದೆ ಆರಿಸಲು ಕೈ ಚಾಚಿದರು. ಮಾಲೀಕರು ಮೇಜು ಕುಟ್ಟಿ ನಕ್ಕರು. "ಮೂವತ್ತು ವರ್ಷದಿಂದ ನಮ್ಮ ಕಂಡಕ್ಟರು ಹೇಳೋದೂ ಇದನ್ನ! ಯಾರ್ರೀ ಬರದವರು?"

"ಆ್ಯಪ್ ಪೂರಾ ನಂದೇ ರೀ," ಎಂದರು ಇನಾಮದಾರರು. ಆ ಖುಷಿಯಲ್ಲೇ ಸರ್ಟಿಫಿಕೇಟಿಗೂ ಸಹಿ ಹಾಕಿದರು.

ಸಂಜೆ ತಬಸ್ಸುಮ್ ಚಹಾ ಹಿಡಿದು ಫಕೀರಪ್ಪನ ಬಳಿ ಬಂದಳು.

"ಇದ್ಯಾಕ ತಂಗಿ?"

"ನಿಮ್ಮ ಕಡೆ ಒಂದು ಮಾತು ಕಡ ತಗೊಂಡಿದ್ದೆ ಕಾಕಾ. ಮುಟ್ಟಿಸಾಕ ಬಂದೆ."