ಬಣ್ಣದ ಬಾವಿ

ಮೇ ಒಂಬತ್ತನೆಯ ತಾರೀಖು, ಗುರುವಾರ. ಮೋಡದ ಸುಳಿವಿಲ್ಲ, ಬೆಳಗಿನಿಂದಲೇ ಒಣಗಾಳಿ. ಕುರುವಿನಹಾಳದ ಬಣ್ಣದ ಬಾವಿಯ ಕಟ್ಟೆಗೆ ಅಂದು ಹೊಸ ಸೊಸೆ ಸುವರ್ಣಾಳನ್ನು ಕರೆತಂದಿದ್ದರು. ಬಾವಿಯ ಪಕ್ಕದಲ್ಲಿ ನಡುವೆ ತಗ್ಗು ಬಿದ್ದ ಒಂದು ಕರಿಕಲ್ಲಿದೆ. ಅದರಲ್ಲಿ ಅರಿಶಿನ ಕಲಸಿ ಕೆನ್ನೆಗೆ ಹಚ್ಚಿಕೊಳ್ಳದೆ ಈ ಊರಿನ ಯಾವ ಸೊಸೆಯೂ ಮೊದಲ ಕೊಡ ಸೇದುವಂತಿಲ್ಲ. ಯಾಕೆಂದು ಸುವರ್ಣಾ ಕೇಳಿದಳು. ಅತ್ತೆ ಕಲ್ಲಿನಲ್ಲಿ ಕಲಸಿದ ಅರಿಶಿನವನ್ನು ಅವಳ ಕೆನ್ನೆಗೆ ಹಚ್ಚಿದಳು. ಕಲ್ಲಿಗೆ ಹೂವೇರಿಸುತ್ತಿದ್ದ ಮುದುಕ ಚನ್ನಮಲ್ಲಯ್ಯ, "ಕೇಳಿದಿ ಅಂದಮ್ಯಾಲೆ ಪೂರಾ ಕೇಳಬೇಕಾಗತೈತಿ, ತಂಗಿ" ಎಂದು ಕಟ್ಟೆಯ ಮೇಲೆ ಕುಳಿತ.

ಹಿಂದೆ ಒಮ್ಮೆ, ನಾಟಕ ಕಂಪನಿಗಳು ಎತ್ತಿನ ಗಾಡಿಯಲ್ಲಿ ಊರೂರು ತಿರುಗುತ್ತಿದ್ದ ಕಾಲದಲ್ಲಿ, ಈ ಊರಿನ ತುಂಗವ್ವ ಎಂಬ ಹುಡುಗಿ ಕಂಪನಿ ಸೇರಿ ಅಂಬುಜಾಬಾಯಿಯಾದಳು. ಅವಳ ಗಂಗೆಯ ಪಾತ್ರ ಸುತ್ತಲ ಸೀಮೆಗೆಲ್ಲ ಹೆಸರಾಗಿತ್ತು. ದೇವರ ಬಣ್ಣ ಹಚ್ಚಿದವರನ್ನು ಹೆಸರು ಹಿಡಿದು ಕರೆಯಬಾರದು, ಕಂಡವರು ಚಪ್ಪಲಿ ಬಿಟ್ಟು ಕೈಮುಗಿಯಬೇಕು ಎಂಬುದು ಇಲ್ಲಿನ ರೂಢಿ. ಅವಳು ತವರಿಗೆ ಬಂದು ಆಡಿದ ರಾತ್ರಿ ಊರಿನ ಮುಖ್ಯಸ್ಥ ಅಡಿವೆಪ್ಪಗೌಡನೇ ರಂಗವೇರಿ ಅವಳ ಕಾಲಿಗೆ ಕಾಯಿ ಒಡೆದಿದ್ದನಂತೆ. ಮುಂದೆ ಕಂಠ ಒಡೆದು ಹಾಡು ನಿಂತಾಗ ಕಂಪನಿಗೆ ಅವಳು ಬೇಡವಾದಳು. ತುಂಗವ್ವ ಒಂದು ತಗಡಿನ ಪೆಟ್ಟಿಗೆ ಹೊತ್ತು ತಂದೆಯ ಮನೆಗೆ ಮರಳಿದಳು. ಮರುದಿನ ಕೊಡ ಹಿಡಿದು ಬಾವಿಗೆ ಬಂದರೆ ಹೆಂಗಸರು ಹಗ್ಗ ಎತ್ತಿಕೊಂಡರು. ಊರೆಲ್ಲ ನೋಡಿದ ಮುಖ ಈ ನೀರಿನಲ್ಲಿ ಬೀಳಬಾರದು ಎಂದರು.

ಅವಳು ಗೌಡನ ಚಾವಡಿಗೆ ಹೋದಳು. "ನನ್ನ ಕಾಲಿಗೆ ಕಾಯಿ ಒಡದವರು ಯಾರ್ರೀ ಗೌಡ್ರ?"

"ನಿನಗಲ್ಲಬೇ, ಗಂಗವ್ವಗ ಒಡದದ್ದು. ಬಣ್ಣ ಇದ್ದಾಗ ನೀ ಗಂಗವ್ವ, ತೊಳದಮ್ಯಾಲೆ ನಾಟಕದಾಕಿ. ಗಂಗವ್ವ ನೀರಿಗೆ ಬಂದ್ರ ಬ್ಯಾಡ ಅನ್ನಾಕ ನಾ ಯಾರು?"

ಚಾವಡಿ ಘೊಳ್ಳೆಂದು ನಕ್ಕಿತು. ಹಳ್ಳದ ಸವಳು ನೀರು ಕುಡಿದು ಅವಳು ಬದುಕಬಹುದಿತ್ತು. ಆದರೆ ಅವಳ ಅಂಗೈ ಗಟ್ಟಿಯಾದದ್ದೇ ಈ ಬಾವಿಯ ಹಗ್ಗ ಎಳೆದು. ಮರುದಿನ ಹೊತ್ತೇರುವಾಗ ಅವಳು ಮುಖಕ್ಕೆ ಅರದಾಳದ ಹಳದಿ ಬಳಿದು, ತಗಡಿನ ಕಿರೀಟವಿಟ್ಟು, ಸೊಂಟದಲ್ಲಿ ಕೊಡವಿಟ್ಟು ಬಂದಳು. ಹೆಂಗಸರು ದಾರಿ ಬಿಟ್ಟರು. ಎದುರು ಬಂದ ಗೌಡ ತನ್ನ ಮಾತಿಗೆ ತಾನೇ ಸಿಕ್ಕು ಚಪ್ಪಲಿ ಬಿಟ್ಟ. ಅಂದು ನಕ್ಕವಳು ತುಂಗವ್ವ.

ಆ ನಗು ಬಹಳ ದಿನ ಉಳಿಯಲಿಲ್ಲ ಎನ್ನುತ್ತಾರೆ. ಊರು ಅವಳ ಮುಂದೆ ಕೂಸುಗಳನ್ನು ಮಲಗಿಸಿತು, ಮಳೆ ಕೇಳಿತು, ಆದರೆ ಬಣ್ಣವಿಲ್ಲದ ಮುಖವನ್ನು ಮಾತ್ರ ಒಪ್ಪಲಿಲ್ಲ. ಒಮ್ಮೆ ಜ್ವರದಲ್ಲಿ ಬರಿಮುಖದಲ್ಲಿ ಬಂದಳು. ಅವಳ ಹರಕೆ ಪಡೆದ ತಾಯಂದಿರೇ ಕೊಡ ಕಸಿದು ಬೋರಲು ಹಾಕಿದರು. ಅರದಾಳ ವಿಷದ ಕಲ್ಲು. ಕಂಪನಿಯಲ್ಲಿ ಪರದೆ ಬಿದ್ದ ಕೂಡಲೇ ಕೊಬ್ಬರಿ ಎಣ್ಣೆಯಿಂದ ಅದನ್ನು ಒರೆಸಿಬಿಡುತ್ತಿದ್ದರು. ಇಲ್ಲಿ ಸಂಜೆಯ ಕೊಡ ತರುವವರೆಗೂ ಅದು ಅವಳ ಮುಖದ ಮೇಲಿರಬೇಕಿತ್ತು. ಚರ್ಮ ಕಪ್ಪಾಯಿತು, ಬಿರಿಯಿತು. ಬಿರುಕು ಮುಚ್ಚಲು ಬಣ್ಣ ದಪ್ಪವಾಯಿತು. ವರ್ಷಗಳ ಮೇಲೆ ವರ್ಷ ಅವಳು ಈ ಕಲ್ಲಿನ ಮೇಲೆ ಅರದಾಳ ಅರೆದಳು.

ಒಂದು ಬೇಸಿಗೆಯಲ್ಲಿ ಅವಳು ತೀರಿಕೊಂಡಳು. ಮೈತೊಳೆಯಲು ಬಂದ ಹೆಂಗಸರಿಗೆ ಗೌಡ ಹೊರಗಿನಿಂದಲೇ, "ಬಣ್ಣ ಪೂರಾ ತಗೀರಿ. ನಮ್ಮೂರ ಮಗಳನ್ನ ಮಗಳಂಗ ಕಳಸೂಣು" ಎಂದನಂತೆ. ಅವರು ತೊಳೆದರು. ನೀರು ಹಳದಿಯಾಗಿ ಹರಿಯಿತು.

ಚನ್ನಮಲ್ಲಯ್ಯ ಅಲ್ಲಿಗೆ ನಿಲ್ಲಿಸಿದ. ಸುವರ್ಣಾ, "ಆಮ್ಯಾಲೆ?" ಎಂದಳು.

"ಆಮ್ಯಾಲೆ ಏನು? ತಗದ ಬಣ್ಣದ ಕೆಳಗ ತುಂಗವ್ವನ ಮುಖಾನೇ ಇರಲಿಲ್ಲ. ಈಕಿ ತುಂಗವ್ವ ಹೌದು ಅಂತ ಗುರುತು ಹಿಡಿಯೋ ಹಂಗ ಏನೂ ಉಳಿದಿರಲಿಲ್ಲ, ತಂಗಿ. ಈ ನೀರಿನ ಸಲುವಾಗಿ ಆ ಮುಖಾನ ಕೊಟ್ಟಿದ್ಲು."

ಅರೆದು ಅರೆದು ಬಿದ್ದ ಆ ತಗ್ಗು ಇಂದಿಗೂ ಹಾಗೇ ಇದೆ. ನೋಡಲು ಬಂದವರು ಅದಕ್ಕೆ ಕುಂಕುಮವಿಟ್ಟು ಹೋಗುತ್ತಾರೆ. ಸುವರ್ಣಾ ಸೆರಗಿನ ತುದಿಯನ್ನು ಕೆನ್ನೆಗೆ ಒಯ್ದಳು. ಅತ್ತೆ ಅವಳ ಕೈ ಹಿಡಿದಳು.

"ಒರಸಬ್ಯಾಡವ್ವ. ಇನ್ನೂ ಕೊಡ ತುಂಬಿಲ್ಲ."